ಚರ್ಚೆ: ಅಯ್ಯನವರು ಇಲ್ಲದಾಗ ಸಭೆ ನಡೆಸುವವರನ್ನು ತಯಾರು ಮಾಡುವುದು ಯಾರ ಕೆಲಸ?

ಸಂಡೇ ಸ್ಕೂಲ್ ಟೀಚರ್

ಎಲ್ಲರಿಗೂ ಕರ್ತನಲ್ಲಿ ವಂದನೆ. ಹೋದ ತಿಂಗಳು ನಮ್ಮ ಸಭೆಯಲ್ಲಿ ನಡೆದದ್ದನ್ನು ಹೇಳಿ ಒಂದು ಮಾತು ಕೇಳುತ್ತೇನೆ. ಊರಿನ ಹೆಸರು ಬೇಡ.

ನಮ್ಮಲ್ಲಿ ಒಬ್ಬ ಅಜ್ಜಿ ಬೆಳಗಿನ ಜಾವ ತೀರಿಕೊಂಡರು. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಐದು ಸಭೆ ನೋಡಿಕೊಳ್ಳಬೇಕು. ಆ ದಿನ ದೂರದ ಊರಲ್ಲಿದ್ದರು, ಫೋನ್ ಹತ್ತಲಿಲ್ಲ. ಕಡು ಬೇಸಿಗೆ. ಪೆಟ್ಟಿಗೆ ಬಂತು, ಕುಣಿ ತೋಡಿ ಆಯಿತು, ನೆಂಟರು ಬಂದು ಕೂತರು. ಸಮಾಧಿ ಆರಾಧನೆ ನಡೆಸುವವರೇ ಇಲ್ಲ. ನಲವತ್ತು ವರ್ಷದಿಂದ ಸಭೆಗೆ ಬರುವ ಹಿರಿಯರು ಆರು ಜನ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಆರಾಧನಾ ಕ್ರಮದ ಪುಸ್ತಕ ಚರ್ಚಿನ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಅಯ್ಯನವರ ಕಿಸೆಯಲ್ಲಿತ್ತು. ಸಂಜೆ ಐದೂವರೆಗೆ ಅವರು ಬಸ್ಸಿಳಿದು ಓಡುತ್ತಾ ಬಂದರು. ಅಲ್ಲಿಯವರೆಗೆ ನಾವು ಐಸ್ ತರಿಸಿ ತರಿಸಿ ಇಟ್ಟೆವು. ಅಜ್ಜಿಯ ಮಗಳು ಸೆರಗಿನಿಂದ ನೊಣ ಓಡಿಸುತ್ತಾ ಕೂತಿದ್ದಳು. ಆ ಕೈ ಇನ್ನೂ ನನ್ನ ಕಣ್ಣ ಮುಂದೆ ಇದೆ.

ಅಯ್ಯನವರು ಒಳ್ಳೆಯವರು, ಸೋಮಾರಿ ಅಲ್ಲ. ಆದರೆ ಐದು ವರ್ಷದಲ್ಲಿ ಒಬ್ಬರಿಗೂ ಈ ಕೆಲಸ ಕಲಿಸಲಿಲ್ಲ. ನನ್ನ ಸಲಹೆ ಇಷ್ಟೇ. ಪ್ರತಿ ಸಭಾಪಾಲಕರೂ ಒಂದು ಸಭೆಯಲ್ಲಿ ಇರುವಷ್ಟು ದಿನದಲ್ಲಿ ನಾಲ್ಕು ಜನರನ್ನು ತಯಾರು ಮಾಡಬೇಕು, ಅದರಲ್ಲಿ ಇಬ್ಬರು ಹೆಂಗಸರಿರಬೇಕು. ಮನೆ ಪ್ರಾರ್ಥನೆ, ಪ್ರಸಂಗ, ಸಮಾಧಿ ಆರಾಧನೆ ಎಲ್ಲವನ್ನೂ ಆ ನಾಲ್ವರು ನಡೆಸುವಂತಾಗಬೇಕು. ಕರ್ತನ ಭೋಜನ ಮಾತ್ರ ಅಯ್ಯನವರದು. ಏನಂತೀರಿ?

ಯುವಜನ ಬೆಂಗಳೂರು

ಟೀಚರ್, ನೂರಕ್ಕೆ ನೂರು ಒಪ್ಪುತ್ತೇನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ 2:2 ನೋಡಿ. ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಬೇರೆಯವರಿಗೆ ಕಲಿಸುವಂಥವರಾಗಿರಲಿ ಅಂತ ತನ್ನ ಶಿಷ್ಯ ತಿಮೊಥೆಗೆ ಹೇಳುತ್ತಾನೆ ಅಪೊಸ್ತಲ ಪೌಲ. ಪೌಲ, ತಿಮೊಥೆ, ಆ ನಂಬಿಗಸ್ತರು, ಆಮೇಲಿನವರು. ಒಂದೇ ವಾಕ್ಯದಲ್ಲಿ ನಾಲ್ಕು ತಲೆಮಾರು. ನಮ್ಮ ಸಭೆಗಳಲ್ಲಿ ಎರಡನೆಯ ತಲೆಮಾರಿಗೇ ಮೈಕ್ ಸಿಗುವುದಿಲ್ಲ.

ನಿವೃತ್ತ ಅಯ್ಯ

ಮೈಕ್ ಸಿಗುವುದಿಲ್ಲ ಅನ್ನುವ ತಮ್ಮನಿಗೆ ಹೇಳುತ್ತೇನೆ. ಅದೇ ಪೌಲ ಅದೇ ತಿಮೊಥೆಗೆ ಮೊದಲನೆಯ ಪತ್ರಿಕೆ 5:22ರಲ್ಲಿ, ಅವಸರದಿಂದ ಯಾರ ತಲೆಯ ಮೇಲೂ ಕೈ ಇಡಬೇಡ, ಅಂದರೆ ಸೇವೆಗೆ ನೇಮಿಸಬೇಡ, ಅಂದಿದ್ದಾನೆ. ಅದನ್ನೂ ಓದಿ. ನಾನು 34 ವರ್ಷ ಸೇವೆ ಮಾಡಿದ್ದೇನೆ. ಪಾಲಕರನ್ನು ತಯಾರು ಮಾಡುವ ಸೆಮಿನರಿಯಲ್ಲಿ ವರ್ಷಗಟ್ಟಲೆ ಕಲಿತು, ಹಿರಿಯ ಪಾಲಕರ ಕೈಕೆಳಗೆ ದುಡಿದು, ಆಮೇಲೆ ಪಾಲಕನಾಗಿ ಅಭಿಷೇಕ ಆಗುವುದು ಸುಮ್ನೆ ಅಲ್ಲ.

ಬಲ್ಮಠ 78

ಅಯ್ಯನವರು ಹೇಳಿದ “ಹಿರಿಯರ ಕೈಕೆಳಗೆ” ಅನ್ನುವುದೇ ಇಲ್ಲಿ ಮುಖ್ಯ. ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ‘ಮಂಗಳೂರು ಸಮಾಚಾರ’ದ ಜರ್ಮನ್ ಮಿಷನರಿ ಮೋಗ್ಲಿಂಗ್ ಎಲ್ಲರಿಗೂ ಗೊತ್ತು. ಅವರು ತಯಾರು ಮಾಡಿದ ಮನುಷ್ಯ ಮಾತ್ರ ಯಾರಿಗೂ ನೆನಪಿಲ್ಲ. ಆನಂದರಾವ್ ಕೌಂಡಿನ್ಯ, ಮಂಗಳೂರಿನ ಸಾರಸ್ವತ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಆಯಿತು, ಊರೇ ತಿರುಗಿ ನಿಂತಿತು. 1846ರಲ್ಲಿ ಮೋಗ್ಲಿಂಗ್ ರಜೆಗೆ ಹೋಗುವಾಗ ಅವನನ್ನೂ ಸ್ವಿಟ್ಜರ್ಲೆಂಡಿನ ಬಾಸೆಲಿಗೆ, ತಮ್ಮ ಮಿಷನ್ನಿನ ಮುಖ್ಯ ಊರಿಗೆ, ಕರೆದುಕೊಂಡು ಹೋದರು. ಅಲ್ಲಿಯ ಹುಡುಗರ ಜೊತೆಯಲ್ಲೇ ಕೂತು ಕಲಿತು, 1851ರಲ್ಲಿ ಅಭಿಷೇಕ ಪಡೆದು ವಾಪಸ್ ಬಂದರು. ಮಿಷನರಿಯ ಕೈಕೆಳಗಿನ ಉಪದೇಶಿಯಾಗಿ ಅಲ್ಲ, ಮಿಷನರಿಯಾಗಿ! ಮುಂದೆ ಸೆಮಿನರಿಯಲ್ಲಿ ತಾವೇ ಪಾಠ ಹೇಳಿದರು. ಶಿಷ್ಯ ಗುರುವಿನ ಕುರ್ಚಿಯಲ್ಲಿ ಕೂತ.

ಮಲೆನಾಡಿನವ

ಗುರುವಿನ ಕುರ್ಚಿಯಲ್ಲಿ ಕೂತನೇ? ಆ ಕುರ್ಚಿ ಯಾರದು ಅಂತ ಕೇಳಿದ್ದೀರಾ? ತೀರ್ಮಾನ ಆಗುತ್ತಿದ್ದದ್ದು ಬಾಸೆಲಿನ ಕಮಿಟಿಯಲ್ಲಿ. ಮಂಗಳೂರಿನಲ್ಲಿದ್ದ ಜರ್ಮನ್ ಮಿಷನರಿಯೂ ಅಲ್ಲಿಂದ ಕಾಗದ ಬರುವವರೆಗೆ ಕಾಯಬೇಕಿತ್ತು. ಅಂದ ಮೇಲೆ ಕೌಂಡಿನ್ಯರ ಪಾಡೇನು? ಇನ್ನೊಂದು ಮಾತು. ಒಬ್ಬರ ಹೆಸರು ಹೇಳಿದಿರಿ. ಎರಡನೆಯ ಹೆಸರು ಹೇಳಿ ನೋಡೋಣ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1914ರಲ್ಲಿ ಯುದ್ಧ ಶುರುವಾಯಿತು, ಜರ್ಮನ್ನರನ್ನು ಹಿಡಿದು ಅಹಮದ್‌ನಗರದ ಕ್ಯಾಂಪಿಗೆ ಹಾಕಿದರು. ನಡುವೆ ಎಂಬತ್ತು ವರ್ಷ. ಎಂಬತ್ತು ವರ್ಷಕ್ಕೆ ಒಬ್ಬ ಕೌಂಡಿನ್ಯ!

ಬಲ್ಮಠ 78

“ಒಬ್ಬ” ಅಂತ ಕೈಬೀಸಿ ತಳ್ಳಬೇಡಿ. ಒಬ್ಬನನ್ನು ಸರಿಯಾಗಿ ತಯಾರು ಮಾಡುವುದು ಚಿಲ್ಲರೆ ಕೆಲಸ ಅಲ್ಲ. ಐದು ವರ್ಷ ದೂರದೇಶದಲ್ಲಿ ಇಟ್ಟು ಕಲಿಸಿದರು. ಅವನ ಹೆಸರಿನ ಮುಂದೆ ಹೆರ್ಮನ್ ಅಂತ ಸೇರಿತು, ಅದು ಮೋಗ್ಲಿಂಗರದೇ ಹೆಸರು. ತಂದೆ ಮಗನಿಗೆ ಕೊಡುವ ಹಾಗೆ. ಕೊಡಗಿನಲ್ಲಿ ಊರು ಕಟ್ಟಿದಾಗ ಅದಕ್ಕೆ ಆನಂದಪುರ ಅಂತ ಶಿಷ್ಯನ ಹೆಸರು ಬಂತು. ಗುರುವಿನ ಹೆಸರು ಶಿಷ್ಯನಿಗೆ, ಶಿಷ್ಯನ ಹೆಸರು ಊರಿಗೆ. ಇದಕ್ಕಿಂತ ಜಾಸ್ತಿ ಏನು ಬೇಕು ನಿಮಗೆ?

ಮಲೆನಾಡಿನವ

ಹೆಸರು! ಹುಟ್ಟಿದಾಗ ಅಪ್ಪ ಅಮ್ಮ ಇಟ್ಟ ಹೆಸರಿನ ಮುಂದೆ ಜರ್ಮನ್ ಹೆಸರು ಕೂರಿಸಿದ್ದು ಪ್ರೀತಿ ಅಂತೀರಿ. ನನಗೆ ಅದು ಮುದ್ರೆ ಒತ್ತಿದ ಹಾಗೆ ಕಾಣುತ್ತದೆ. ತಿಮೊಥೆಗೆ ಪೌಲ ತನ್ನ ಹೆಸರು ಇಡಲಿಲ್ಲ. ತಿಮೊಥೆ ತಿಮೊಥೆಯಾಗಿಯೇ ಉಳಿದ.

ಜೆಪ್ಪು ಹುಡುಗ

ನಾನು ಕಥೋಲಿಕ, ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ಈ ಗೊಂದಲ ನಮ್ಮಲ್ಲಿ ಇಲ್ಲ. ಜೆಸುವಿಟರು ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ 31ಕ್ಕೆ. ಮರುವರ್ಷವೇ ಸೆಮಿನರಿ ತೆರೆದರು. ಬಂದ ಕೂಡಲೇ ಮೊದಲ ಕೆಲಸ ಸ್ಥಳೀಯ ಗುರುಗಳನ್ನು, ಅಂದರೆ ಪಾದ್ರಿಗಳನ್ನು, ತಯಾರು ಮಾಡುವುದು. ಇವತ್ತಿಗೂ ಆ ಸೆಮಿನರಿ ನಮ್ಮ ಮನೆ ಹತ್ತಿರವೇ ಇದೆ.

ಮಲೆನಾಡಿನವ

ಜೆಪ್ಪು ಹುಡುಗರೇ, ಸೆಮಿನರಿ ತೆರೆದದ್ದು 1879. ಸರಿ. ಮಂಗಳೂರಿಗೆ ಮೊದಲ ಸ್ಥಳೀಯ ಬಿಷಪ್ ಆದದ್ದು 1928. ವಲೇರಿಯನ್ ಡಿಸೋಜ. ಸೆಮಿನರಿ ಬಾಗಿಲು ತೆರೆದು ಸುಮಾರು ಐವತ್ತು ವರ್ಷ ಆದ ಮೇಲೆ. ಪಾಠ ಮರುವರ್ಷ, ಅಧಿಕಾರ ಅರ್ಧ ಶತಮಾನ ಬಿಟ್ಟು. ನನ್ನ ಮಾತನ್ನು ನೀವೇ ಸಾಬೀತು ಮಾಡಿದಿರಿ, ಥ್ಯಾಂಕ್ಸ್.

ಜೆಪ್ಪು ಹುಡುಗ

ಬಿಷಪ್ ಆದರೆ ಮಾತ್ರ ನಾಯಕನಾ? ಹಳ್ಳಿ ಹಳ್ಳಿಯಲ್ಲಿ ಇಗರ್ಜಿ ಕಟ್ಟಿದ ಗುರುಗಳು ಲೆಕ್ಕಕ್ಕಿಲ್ಲವಾ?

ಸಂಡೇ ಸ್ಕೂಲ್ ಟೀಚರ್

ಅಣ್ಣಂದಿರೇ, ನಾನು ಕೇಳಿದ್ದು ಬಿಷಪ್ ಬಗ್ಗೆ ಅಲ್ಲ, ಬಾಸೆಲ್ ಬಗ್ಗೆಯೂ ಅಲ್ಲ. ಸಮಾಧಿ ಆರಾಧನೆ ನಡೆಸಲು ಒಬ್ಬರು ಬೇಕು. ಅದನ್ನು ಕಲಿಸುವುದು ಹೇಗೆ?

ಬಲ್ಮಠ 78

ಟೀಚರ್, “ಹೇಗೆ” ಅಂತ ಕೇಳಿದಿರಲ್ಲ, ಅದಕ್ಕೇ ಚರಿತ್ರೆ ಬೇಕು. ಮಲೆನಾಡಿನವರಿಗೆ ಇನ್ನೊಂದು ಪ್ರಶ್ನೆ. ಕೌಂಡಿನ್ಯರು 1860ರಲ್ಲಿ ಜರ್ಮನ್ ಹೆಂಗಸು ಮರೀ ರೈನ್‌ಹಾರ್ಡ್ಟ್ ಅವರನ್ನು ಮದುವೆಯಾದರು. ಆ ಕಾಲದಲ್ಲಿ! ಆಳಿನ ಹಾಗೆ ನೋಡುವವನಿಗೆ ಮನೆ ಹೆಣ್ಣು ಕೊಡುತ್ತಾರೆಯೇ? ಸಮಾನವಾಗಿ ಕಾಣದಿದ್ದರೆ ಇದು ಆಗುತ್ತಿತ್ತೇ?

ಮಲೆನಾಡಿನವ

ಆಳಿನ ಹಾಗೆ ಅಂತ ನಾನು ಎಲ್ಲೂ ಬರೆದಿಲ್ಲ. ನನ್ನ ಬಾಯಿಗೆ ಮಾತು ತುರುಕಬೇಡಿ. ಮದುವೆ ಅವರ ಸ್ವಂತ ವಿಷಯ, ಅದನ್ನು ಸಾಕ್ಷಿ ಅಂತ ತಂದು ನಿಲ್ಲಿಸಿದ್ದು ಸರಿಯಲ್ಲ. ಹೋಗಲಿ, ನಿಮ್ಮ ಉದಾಹರಣೆಯನ್ನೇ ನೋಡೋಣ. ಬಾಸೆಲಿಗೆ ಹೋದದ್ದು ಯಾರು? ಇಂಗ್ಲಿಷ್ ಓದಿದ, ಅನುಕೂಲಸ್ಥರ ಮನೆಯ ಬ್ರಾಹ್ಮಣ ಹುಡುಗ. ತುಳುನಾಡಿನ ಸಭೆಗಳಲ್ಲಿ ಇದ್ದವರು ಬಹುಪಾಲು ಬಿಲ್ಲವರು. ಅವರಿಗೆ ಸಿಕ್ಕಿದ್ದು ಹಂಚಿನ ಕಾರ್ಖಾನೆ, ನೇಯ್ಗೆ ಮಗ್ಗ. ನನ್ನ ಮುತ್ತಜ್ಜ ಅದೇ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಅವರನ್ನು ಯಾರೂ ಹಡಗು ಹತ್ತಿಸಲಿಲ್ಲ.

ಬಲ್ಮಠ 78

ಹಂಚಿನ ಕಾರ್ಖಾನೆಯನ್ನು ಬೈದವರು ಅದರ ಹೆಂಚಿನ ಕೆಳಗೇ ಹುಟ್ಟಿದವರು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ್ದು ಯಾಕೆ? ದೀಕ್ಷಾಸ್ನಾನ ಆದವರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಗೇಣಿ ಜಮೀನು ಹೋಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ನಾಯಕತ್ವದ ಪಾಠ ಹೇಳುತ್ತೀರಾ? ಮೊದಲು ಕೂಲಿ, ಆಮೇಲೆ ಶಾಲೆ. ಆ ಕೂಲಿಗಳ ಮಕ್ಕಳೇ ಮಿಷನ್ ಶಾಲೆಯ ಮಾಸ್ತರರಾದರು, ಉಪದೇಶಿಗಳಾದರು.

ಮಲೆನಾಡಿನವ

ಹೌದು, ಉಪದೇಶಿಗಳಾದರು! ಅಲ್ಲಿಗೇ ನಿಂತಿತು. ಮಳೆಯಲ್ಲಿ ಹೊಳೆ ದಾಟಿ ಹಳ್ಳಿಗೆ ಹೋಗುವವನು ಉಪದೇಶಿ. ಸಂಬಳ ನಿಗದಿ ಮಾಡುವವನು ಮಿಷನರಿ. ನಿಮ್ಮ ಬಾಯಿಂದಲೇ ಬಂತು.

ನಿರ್ವಾಹಕ

ಇಬ್ಬರೂ ಸ್ವಲ್ಪ ತಾಳ್ಮೆ ಇರಲಿ. ಒಬ್ಬರ ಮನೆತನದ ಮಾತು ಎತ್ತಬೇಡಿ. “ಹೆಂಚಿನ ಕೆಳಗೆ ಹುಟ್ಟಿದವರು” ಅನ್ನುವಂಥ ಮಾತು ಇನ್ನೊಮ್ಮೆ ಬಂದರೆ ತೆಗೆಯುತ್ತೇನೆ.

ಬಲ್ಮಠ 78

ನನ್ನ ಅಜ್ಜನೂ ಅದೇ ಹೆಂಚಿನ ಕೆಳಗೆ ಹುಟ್ಟಿದವರು. ಅದು ಬೈಗುಳ ಅಲ್ಲ, ಹೆಮ್ಮೆ. ತೆಗೆಯುವುದಾದರೆ ತೆಗೆಯಿರಿ.

ಯುವಜನ ಬೆಂಗಳೂರು

ಮಲೆನಾಡಿನವರು “ಅಲ್ಲಿಗೇ ನಿಂತಿತು” ಅಂದದ್ದು ಇವತ್ತಿಗೂ ನಿಜ. ಯುವಜನರಿಗೆ ಕುರ್ಚಿ ಜೋಡಿಸುವ ಕೆಲಸ, ಸೌಂಡ್ ಸಿಸ್ಟಮ್, ಕ್ರಿಸ್ಮಸ್ ಗೋದಲಿ. ಪ್ರಸಂಗಕ್ಕೆ ವರ್ಷಕ್ಕೆ ಒಂದು ಭಾನುವಾರ, ಯುವಜನರ ದಿನ. ಅದಕ್ಕೂ ಹಿಂದಿನ ರಾತ್ರಿ ಬರೆದದ್ದನ್ನೆಲ್ಲ ತೋರಿಸಬೇಕು. ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಏನು ಹೇಳಿದ? ಒಬ್ಬನೇ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರೆ ನೀನೂ ಸೊರಗುತ್ತೀ, ಜನರೂ ಸೊರಗುತ್ತಾರೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅಂದ. ನಮ್ಮ ಅಯ್ಯನವರುಗಳಿಗೆ ಅಂಥ ಮಾವ ಬೇಕು.

ನಿವೃತ್ತ ಅಯ್ಯ

ತಮ್ಮಾ, ಬರೆದದ್ದನ್ನು ತೋರಿಸು ಅಂದರೆ ಅವಮಾನವಾ? ನನ್ನ ಮೊದಲ ಪ್ರಸಂಗವನ್ನು ನನ್ನ ಹಿರಿಯ ಪಾಲಕರು ಮೂರು ಸಲ ಹರಿದು ಹಾಕಿದರು. ನಾಲ್ಕನೆಯ ಸಲ, “ಇದರಲ್ಲಿ ನೀನು ಇದ್ದೀಯ, ವಾಕ್ಯ ಎಲ್ಲಿದೆ?” ಅಂದರು. ಅದು ತಯಾರಿ. ಈಗಿನವರಿಗೆ ಮೈಕ್ ಬೇಕು, ತಿದ್ದಿಸಿಕೊಳ್ಳುವುದು ಬೇಡ.

ಇನ್ನೊಂದು ವಿಷಯ. ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ. ನಾನು ಒಬ್ಬ ಹುಡುಗನನ್ನು ಏಳು ವರ್ಷ ಜೊತೆಯಲ್ಲಿ ಇಟ್ಟುಕೊಂಡಿದ್ದೆ. ಬೈಕಿನ ಹಿಂದೆ ಕೂರಿಸಿಕೊಂಡು ಮನೆ ಮನೆಗೆ ಕರೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಹೇಗೆ ಕೂರಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲವನ್ನೂ ಹೇಳಿಕೊಟ್ಟೆ. ನನ್ನ ಸೆಮಿನರಿ ಪುಸ್ತಕಗಳನ್ನೇ ಕೊಟ್ಟೆ. ಅವನು ಒಂದು ದಿನ ಹದಿನಾಲ್ಕು ಕುಟುಂಬ ಕರೆದುಕೊಂಡು ಹೋಗಿ ಮಾರ್ಕೆಟ್ ಹಿಂದೆ ಶೀಟಿನ ಶೆಡ್ಡಿನಲ್ಲಿ ಬೇರೆ ಸಭೆ ಮಾಡಿದ. ಹೋಗುವಾಗ ಹೇಳಿಯೂ ಹೋಗಲಿಲ್ಲ. ಆಮೇಲೆ ನಾನು ಯಾರನ್ನೂ ಬೈಕ್ ಹತ್ತಿಸಲಿಲ್ಲ. ತಪ್ಪಾ?

ಯುವಜನ ಬೆಂಗಳೂರು

ತಪ್ಪು ಅಂತಲೇ ಹೇಳುತ್ತೇನೆ ಅಯ್ಯನವರೇ, ಕ್ಷಮಿಸಿ. ಪೌಲ, ಬಾರ್ನಬರ ಜೊತೆ ಸೇವೆಗೆ ಹೊರಟಿದ್ದ ಮಾರ್ಕನೂ ನಡುವೆ ಬಿಟ್ಟು ಹೋಗಿದ್ದ. ಅಪೊಸ್ತಲರ ಕೃತ್ಯಗಳು 13:13. ಪೌಲ ಅವನು ಬೇಡವೇ ಬೇಡ ಅಂದ. ಬಾರ್ನಬ ಕೈ ಬಿಡಲಿಲ್ಲ, ಪೌಲನ ಜೊತೆ ಜಗಳ ಆಡಿದ, ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟ. ಕೊನೆಗೆ ಪೌಲನೇ, ಮಾರ್ಕನನ್ನು ಕರಕೊಂಡು ಬಾ, ಅವನಿಂದ ಸೇವೆಗೆ ಉಪಯೋಗ ಇದೆ ಅಂತ ಬರೆದ. ಬಾರ್ನಬ ಇಲ್ಲದಿದ್ದರೆ?

ನಿವೃತ್ತ ಅಯ್ಯ

ಮಾರ್ಕ ಒಬ್ಬನೇ ಬಿಟ್ಟು ಹೋದ. ಹದಿನಾಲ್ಕು ಕುಟುಂಬ ಕರೆದುಕೊಂಡು ಹೋಗಲಿಲ್ಲ. ಆ ಮನೆಗಳಲ್ಲಿ ಮೂರು ಮದುವೆ ನಾನೇ ಮಾಡಿಸಿದ್ದು. ವಾಕ್ಯ ತೋರಿಸಿ ನೋವನ್ನು ಅಳೆಯಬೇಡ.

ಮಲೆನಾಡಿನವ

ಅಯ್ಯನವರಿಗೆ ನೋವಾದದ್ದು ನಿಜ, ಗೌರವ ಇದೆ. ಆದರೆ “ಶೀಟಿನ ಶೆಡ್ಡು” ಅಂದಿರಲ್ಲ. ನಿಮ್ಮ ಹುಡುಗನಿಗೆ ಒಳಗೆ ಜಾಗ ಇದ್ದಿದ್ದರೆ ಶೆಡ್ಡಿಗೆ ಯಾಕೆ ಹೋಗುತ್ತಿದ್ದ? ಏಳು ವರ್ಷ ಬೈಕಿನ ಹಿಂದೆ ಕೂತಿದ್ದ. ಮುಂದೆ ಕೂತು ಓಡಿಸಲು ಎಷ್ಟು ದಿನ ಕೊಟ್ಟಿರಿ?

ನಿವೃತ್ತ ಅಯ್ಯ

ನೀವು ನನ್ನನ್ನು ನೋಡಿಲ್ಲ, ಆ ಹುಡುಗನನ್ನೂ ನೋಡಿಲ್ಲ. ಇದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಸಂಡೇ ಸ್ಕೂಲ್ ಟೀಚರ್

ಅಯ್ಯನವರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೂ ಒಂದು ಕೇಳುತ್ತೇನೆ. ಬಿಟ್ಟು ಹೋಗುತ್ತಾರೆ ಅನ್ನುವ ಭಯಕ್ಕೆ ಕಲಿಸದೆ ಇದ್ದರೆ, ಉಳಿದವರ ಗತಿ ಏನು? ಆ ಅಜ್ಜಿ ಎಲ್ಲೂ ಬಿಟ್ಟು ಹೋಗಿರಲಿಲ್ಲ. ಎಪ್ಪತ್ತು ವರ್ಷ ಅದೇ ಬೆಂಚಿನಲ್ಲಿ ಕೂತವರು.

ತೆಲುಗು ನಾಡಿನ ಡೋರ್ನಕಲ್‌ನ ಬಿಷಪ್ ಅಜರಯ್ಯನವರು ನೆನಪಾಗುತ್ತಾರೆ. 1912ರಲ್ಲಿ ಬಿಷಪ್ ಆದರು, ಆಂಗ್ಲಿಕನ್ ಸಭೆಯಲ್ಲಿ (ಇಂಗ್ಲೆಂಡಿನ ಚರ್ಚಿನ ಪರಂಪರೆಯದು) ಮೊದಲ ಭಾರತೀಯ ಬಿಷಪ್. ಅವರ ಸಭೆಗಳೆಲ್ಲ ತೆಲುಗು ಹಳ್ಳಿಗಳಲ್ಲಿ. ಬಹಳ ಜನಕ್ಕೆ ಓದು ಬರಹ ಇಲ್ಲ. ದೀಕ್ಷಾಸ್ನಾನ ಆದವರಿಗೆ ಅವರವರ ತಲೆಯ ಮೇಲೆ ಅವರವರದೇ ಕೈ ಇಡಿಸಿ, “ಸುವಾರ್ತೆಯನ್ನು ಸಾರದಿದ್ದರೆ ನನ್ನ ಗತಿಯನ್ನು ಏನು ಹೇಳಲಿ” ಅಂತ ಹೇಳಿಸುತ್ತಿದ್ದರಂತೆ. ಮೊದಲ ದಿನವೇ ಕೆಲಸ ಹಂಚಿದರು. ಓದಿಲ್ಲದ ಕೂಲಿಯವರ ಕೈಯಲ್ಲಿ ಅಷ್ಟು ಆಗುವುದಾದರೆ, ಡಿಗ್ರಿ ಮಾಡಿದ ನಮ್ಮ ಮಕ್ಕಳಿಗೆ ಸಮಾಧಿಯ ಹತ್ತಿರ ಒಂದು ಕೀರ್ತನೆ ಓದಲು ಆಗುವುದಿಲ್ಲವಾ?

ಬಲ್ಮಠ 78

ಅಜರಯ್ಯನವರ ಹೆಸರು ತೆಗೆದದ್ದು ಒಳ್ಳೆಯದಾಯಿತು. ಅವರನ್ನು ಮುಂದೆ ತಂದವರು ಮದ್ರಾಸಿನ ಬಿಷಪ್ ವೈಟ್‌ಹೆಡ್, ಇಂಗ್ಲಿಷರವರು. ತಮ್ಮವರ ವಿರೋಧ ಕಟ್ಟಿಕೊಂಡು ಆ ಕುರ್ಚಿ ಕೊಡಿಸಿದರು. ಮಿಷನರಿಗಳು ಬಿಟ್ಟುಕೊಡಲಿಲ್ಲ ಅನ್ನುವವರು ಈಗ ಏನಂತಾರೆ?

ಮಲೆನಾಡಿನವ

ಏನಂತಾರಾ? ಅಜರಯ್ಯನವರು 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಮಿಷನರಿ ಸಮ್ಮೇಳನದಲ್ಲಿ ಮಿಷನರಿಗಳ ಮುಖಕ್ಕೇ ಹೇಳಿದ ಮಾತು ಓದಿ. ನೀವು ನಿಮ್ಮ ಆಸ್ತಿಯನ್ನು ಬಡವರಿಗೆ ಕೊಟ್ಟಿದ್ದೀರಿ, ನಿಮ್ಮ ದೇಹವನ್ನು ಬೆಂಕಿಗೆ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂದರು. ಎಲ್ಲ ಸರಿ ಇದ್ದಿದ್ದರೆ ಅಷ್ಟು ದೂರ ಹೋಗಿ ಹಾಗೆ ಕೇಳಬೇಕಿತ್ತಾ? ಇನ್ನೂ ಇದೆ. ಅವರು 1945ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಸಭೆಯಲ್ಲಿ ಒಂದು ಡಯಾಸಿಸ್ (ಬಿಷಪ್ ಕೈಕೆಳಗಿನ ಪ್ರಾಂತ್ಯ) ನಡೆಸಿದ ಭಾರತೀಯ ಬಿಷಪ್ ಅವರೊಬ್ಬರೇ. ಮತ್ತೆ ಒಬ್ಬ! ನಮ್ಮ ಮೈಸೂರು ಡಯಾಸಿಸ್ ನೋಡಿ. 1947ರಲ್ಲಿ ಹಲವು ಸಭೆಗಳು ಸೇರಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಗುರುಶಾಂತ ಅವರು ಬಿಷಪ್ ಆದರು, ನಮ್ಮವರೇ. 1951ರಲ್ಲಿ ಬಂದವರು ಸಾರ್ಜೆಂಟ್, ಇಂಗ್ಲೆಂಡಿನವರು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಆಗಿತ್ತು.

ಬಲ್ಮಠ 78

ಸಾರ್ಜೆಂಟ್ ಅವರು ಈ ನೆಲದಲ್ಲಿ ಜೀವ ಸವೆಸಿದವರು. ಪಾಸ್‌ಪೋರ್ಟ್ ನೋಡಿ ಮನುಷ್ಯನನ್ನು ಅಳೆಯುವುದಾದರೆ ಕಿಟ್ಟೆಲ್ ಕೋಶವನ್ನೂ ಮನೆಯಿಂದ ಆಚೆ ಇಡಿ.

ಮಲೆನಾಡಿನವ

ಕಿಟ್ಟೆಲ್ ಎಲ್ಲಿಂದ ಬಂದರು ಈಗ? ನಾಯಕರನ್ನು ತಯಾರು ಮಾಡಿದರಾ ಅಂತ ಕೇಳಿದರೆ ನಿಘಂಟು ತೋರಿಸುತ್ತೀರಿ. ನಿಮ್ಮ ಹತ್ತಿರ ಎರಡನೆಯ ಕೌಂಡಿನ್ಯ ಇಲ್ಲ. ಅಷ್ಟೇ.

ಜೆಪ್ಪು ಹುಡುಗ

ಟೀಚರ್ ಅವರಿಗೆ ಒಂದು ಮಾತು. ಗುರುಗಳು ದೂರ ಇರುವ ನಮ್ಮ ಕಡೆಯ ಹಳ್ಳಿಗಳಲ್ಲಿ ಸಾವಾದರೆ ವಾಳೆಯ (ಹತ್ತಿರದ ಮನೆಗಳ ಗುಂಪಿನ) ಮುಖಂಡರಾದ ಗುರಿಕಾರರು ಮನೆಯವರ ಜೊತೆ ಕೂತು ಜಪಸರ ಶುರು ಮಾಡುತ್ತಾರೆ. ಯಾರೂ ಸುಮ್ಮನೆ ಕಾಯುತ್ತಾ ಕೂರುವುದಿಲ್ಲ. ಅದನ್ನು ಅವರು ಯಾವ ಸೆಮಿನರಿಯಲ್ಲೂ ಕಲಿತದ್ದಲ್ಲ. ಅಪ್ಪ ಮಾಡುವುದನ್ನು ನೋಡಿ ಕಲಿತದ್ದು.

ನಿವೃತ್ತ ಅಯ್ಯ

ನೋಡಿ ಕಲಿತದ್ದಕ್ಕೂ ಕ್ರಮ ಇರಬೇಕು. ಹೆಂಗಸರು ಇಬ್ಬರು ಇರಬೇಕು ಅಂತ ಟೀಚರ್ ಬರೆದಿದ್ದಾರೆ. ಹಳ್ಳಿ ಸಭೆಗಳಲ್ಲಿ ಹೆಂಗಸರು ಕುಣಿಯ ಹತ್ತಿರ ಬರುವುದನ್ನೇ ಜನ ಒಪ್ಪುವುದಿಲ್ಲ. ಕಾಗದದ ಮೇಲೆ ಬರೆಯುವುದು ಸುಲಭ.

ಸಂಡೇ ಸ್ಕೂಲ್ ಟೀಚರ್

ಜನ ಒಪ್ಪುವುದಿಲ್ಲ ಅಂತ ಎಷ್ಟು ದಿನ ಹೇಳುವುದು? ಅಪೊಲ್ಲೋಸನಂಥ ವಿದ್ವಾಂಸನಿಗೆ ದಾರಿ ತಿದ್ದಿ ಹೇಳಿದವರು ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಆ ವಾಕ್ಯದಲ್ಲಿ ಅವಳ ಹೆಸರೂ ಇದೆ. ಸಿಎಸ್‌ಐನಲ್ಲೇ 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಅವತ್ತು ಅಜ್ಜಿಯ ಮೈ ತೊಳೆದು, ಸೀರೆ ಉಡಿಸಿ, ಹತ್ತು ತಾಸು ಹತ್ತಿರ ಕೂತು ಹಾಡಿದವರು ಸ್ತ್ರೀ ಸಂಘದವರು. ಗಂಡಸರು ಅಂಗಳದಲ್ಲಿ ನಿಂತಿದ್ದರು. ಅರ್ಧ ಆರಾಧನೆ ಅವರೇ ಮಾಡಿ ಮುಗಿಸಿದ್ದರು, ಪುಸ್ತಕ ಮಾತ್ರ ಕೈಯಲ್ಲಿರಲಿಲ್ಲ.

ಯುವಜನ ಬೆಂಗಳೂರು

ಟೀಚರ್, ಇದನ್ನು ಓದಿ ಮೈ ಜುಮ್ ಅಂತು. ದಯವಿಟ್ಟು ನಿಮ್ಮ ಕಮಿಟಿಯಲ್ಲಿ ಇಡಿ.

ಬಲ್ಮಠ 78

ಮಲೆನಾಡಿನವರೇ, “ಎರಡನೆಯ ಕೌಂಡಿನ್ಯ ಇಲ್ಲ” ಅಂದಿರಿ. 1914ರಲ್ಲಿ ಜರ್ಮನ್ನರು ಹೋದ ಮೇಲೆ ಸಭೆಗಳು ಮುಚ್ಚಿದವಾ? ಇಲ್ಲ. ಭಾನುವಾರ ಗಂಟೆ ಬಾರಿಸಿದವರು ಯಾರು? ಮಿಷನ್ ಶಾಲೆಯಲ್ಲಿ ಓದಿದ ನಮ್ಮವರೇ ಅಲ್ವಾ? ಅವರೆಲ್ಲ ಎರಡನೆಯ ಕೌಂಡಿನ್ಯರೇ. ಹೆಸರು ಗೊತ್ತಿಲ್ಲದಿದ್ದರೆ ಅದು ನಮ್ಮ ತಪ್ಪು.

ಮಲೆನಾಡಿನವ

ಗಂಟೆ ಬಾರಿಸಿದರು, ನಿಜ. ಅದು ಜರ್ಮನ್ನರು ತಾವಾಗಿ ಕೊಟ್ಟದ್ದಲ್ಲ. ಬ್ರಿಟಿಷ್ ಸರ್ಕಾರ ಅವರನ್ನು ಹಿಡಿದುಕೊಂಡು ಹೋದದ್ದರಿಂದ ನಮ್ಮವರ ಕೈಗೆ ಹಗ್ಗ ಬಂತು. ಯುದ್ಧ ಬಾರದಿದ್ದರೆ ಇನ್ನೆಷ್ಟು ವರ್ಷ ಕಾಯಬೇಕಿತ್ತು ಅಂತ ಹೇಳಿ.

ಸಂಡೇ ಸ್ಕೂಲ್ ಟೀಚರ್

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತ್ತು. ನಾಲ್ಕು ಹೆಸರು ಕೊಟ್ಟೆ. ಎರಡಕ್ಕೆ ಒಪ್ಪಿದರು, ಒಬ್ಬ ಮಾಸ್ತರರು, ಒಬ್ಬರು ಸ್ತ್ರೀ ಸಂಘದ ಅಕ್ಕ. ಉಳಿದ ಇಬ್ಬರ ಹೆಸರು ಮುಂದಿನ ಸಭೆಗೆ ಹೋಗಿದೆ. ಅಯ್ಯನವರು ಬುಧವಾರ ಸಂಜೆ ಆ ಇಬ್ಬರನ್ನು ಕೂರಿಸಿಕೊಂಡು ಸಮಾಧಿ ಆರಾಧನೆಯ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿದರು. ಮಣ್ಣು ಹಾಕುವ ಹೊತ್ತಿನ ಮಾತು ಬಂದಾಗ ಅಕ್ಕನ ದನಿ ಒಡೆಯಿತು. ಅಯ್ಯನವರು ಅವರನ್ನು ನಿಲ್ಲಿಸಲಿಲ್ಲ. “ಇನ್ನೊಮ್ಮೆ ಓದಿ, ನಿಧಾನ” ಅಂದರು. ಕಪಾಟಿನ ಕೀಲಿಯ ನಕಲು ಮಾಡಿಸಿ ಒಂದನ್ನು ಆ ಅಕ್ಕನ ಮನೆಯಲ್ಲಿ ಇಟ್ಟಿದ್ದೇವೆ.

ನಿವೃತ್ತ ಅಯ್ಯ

ಕಪಾಟಿನಲ್ಲಿ ಮದುವೆ ರಿಜಿಸ್ಟರೂ ಇರುತ್ತದೆ, ಪಾತ್ರೆಗಳೂ ಇರುತ್ತವೆ. ನಕಲು ಕೀಲಿಗೆ ಯಾರು ಅನುಮತಿ ಕೊಟ್ಟರು?

ಸಂಡೇ ಸ್ಕೂಲ್ ಟೀಚರ್

ಕಮಿಟಿ ಕೊಟ್ಟಿದೆ ಅಯ್ಯನವರೇ. ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಆಗಿದೆ. ರಿಜಿಸ್ಟರನ್ನೂ ಪಾತ್ರೆಗಳನ್ನೂ ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದೇವೆ. ಆ ಬೀಗದ ಕೀಲಿ ನಮ್ಮ ಅಯ್ಯನವರ ಹತ್ತಿರವೇ ಇದೆ.

ನಿವೃತ್ತ ಅಯ್ಯ

ಪುಸ್ತಕ ಹಳೆಯದಾಗಿದ್ದರೆ ಹಾಳೆ ಬಿಟ್ಟಿರುತ್ತದೆ, ಸಮಾಧಿಯ ಹತ್ತಿರ ಗಾಳಿಗೆ ಹಾರುತ್ತದೆ. ಆ ಅಕ್ಕನಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಲು ಹೇಳಿ. ಕೀಲಿಯ ವಿಷಯದಲ್ಲಿ ನನ್ನ ಮಾತು ಮೊದಲು ಹೇಳಿದ್ದೇ.